ಡಚ್ ಬೀಗರ ಮನೆತನ

ಬೇರೆಯವರ ಮನೆಯ ಸಂಗತಿಯಲ್ಲಿ ತಮಗೆ ಆಸಕ್ತಿಯಿಲ್ಲ ಎನ್ನುವವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಆಸಕ್ತಿ ಎಲ್ಲರಿಗೂ ಇರುತ್ತದೆ. ಅದನ್ನು ತೀರಿಸಿಕೊಳ್ಳಲು ಮರ್ಯಾದೆಯ ನೆಪವೊಂದು ಕೆಲವರಿಗೆ ಸಿಕ್ಕಿರುವುದಿಲ್ಲ, ಅಷ್ಟೆ. ನಮ್ಮ ಕುಂದಾಪುರದ ಕಡೆ ಆ ನೆಪಕ್ಕೆ ಹೆಸರೇ ಇದೆ: ಮನೆತನ ವಿಚಾರಿಸುವುದು. ಮಗಳಿಗೆ ಗಂಡು ಗೊತ್ತಾಗುವ ಹೊತ್ತಿಗೆ ಹೆಣ್ಣಿನ ಕಡೆಯ ಒಬ್ಬರು ಯಾವುದೋ ಕೆಲಸದ ನೆವದಲ್ಲಿ ಗಂಡಿನ ಊರಿಗೆ ಹೋಗುತ್ತಾರೆ. ಗಂಡಿನ ಮನೆಗೆ ಮಾತ್ರ ಹೋಗುವುದಿಲ್ಲ. ಆ ಬೀದಿಯ ದರ್ಜಿಯ ಹತ್ತಿರ ಕೂರುತ್ತಾರೆ, ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ, ದೇವಸ್ಥಾನದ ಭಟ್ಟರೊಡನೆ ಮಳೆಯ ಬಗ್ಗೆ ಮಾತಾಡುತ್ತಾರೆ. ಸಂಜೆಯ ಬಸ್ಸಿಗೆ ವಾಪಸಾಗುವಾಗ ಅಜ್ಜನ ಕಾಲದ ಪಾಲಿನ ಜಗಳ, ಚಿಕ್ಕಪ್ಪನ ಕುಡಿತ, ಅತ್ತೆಯಾಗುವವಳ ಬಾಯಿ ಎಲ್ಲವೂ ಅವರ ಚೀಲದಲ್ಲಿರುತ್ತವೆ. ನನ್ನ ಮದುವೆಗೂ ಹೀಗೇ ವಿಚಾರಣೆ ನಡೆದಿತ್ತು. ನನ್ನ ಮಾವ ನಮ್ಮೂರಿನ ಕ್ಷೌರದಂಗಡಿಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಕೂತು, ಅಗತ್ಯವಿಲ್ಲದ ಕ್ಷೌರವನ್ನೂ ಮಾಡಿಸಿಕೊಂಡು, ಹುಡುಗ ಸಾಧು, ಸ್ವಲ್ಪ ಮಂದ ಎಂಬ ವರದಿಯೊಡನೆ ಹಿಂದಿರುಗಿದರಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿ ಸುಮತಿ ಆ ವರದಿಗೆ ತಿದ್ದುಪಡಿ ತಂದಿಲ್ಲ.

ಇಷ್ಟನ್ನು ಹೇಳಲು ಕಾರಣವಿದೆ. ನಾವಿರುವುದು ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ. ಅಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ, ಬಂದ ಸರಕು ಬಿಲ್ಲಿನಲ್ಲಿ ಬರೆದ ಸರಕೇ ಹೌದೋ ಅಲ್ಲವೋ ಎಂದು ನೋಡುವುದು ನನ್ನ ಕೆಲಸ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಂಟರ್‌ನೆಟ್ ಎಂಬುದು ಫೋನಿನ ತಂತಿಯಲ್ಲಿ ಕಿರುಚಿಕೊಂಡು ಮನೆಗೆ ಬರುತ್ತಿದ್ದ ಕಾಲ. ಒಂದು ಭಾನುವಾರ ನಮ್ಮ ಒಬ್ಬಳೇ ಮಗಳು ವಾಣಿ, ಸೈಮನ್ ಪೋಸ್ಟ್‌ಮಾ ಎಂಬ ಉದ್ದನೆಯ, ಕೆಂಪು ಕಿವಿಯ ಹುಡುಗನನ್ನು ಊಟಕ್ಕೆ ಕರೆತಂದು, ತಾವಿಬ್ಬರೂ ಮದುವೆಯಾಗುವುದಾಗಿ ಹೇಳಿದಳು. ಹೇಳಿದಳು ಎಂದರೆ ತಿಳಿಸಿದಳು, ಕೇಳಲಿಲ್ಲ. ಸುಮತಿ ಸೌತ್‌ಹಾಲಿನ ಅಂಗಡಿಯಿಂದ ತಂದ ಕೆಸುವಿನ ಎಲೆಯ ಪತ್ರೊಡೆಯನ್ನು ಹುಡುಗ ಎರಡನೆಯ ಸಲ ಹಾಕಿಸಿಕೊಂಡು ತಿಂದ. ಅಲ್ಲಿಗೆ ಅವಳ ಅರ್ಧ ಮನಸ್ಸು ಅವನ ಕಡೆಗೆ ವಾಲಿತು. ಉಳಿದರ್ಧಕ್ಕಾಗಿ ಅವಳು ತನ್ನ ಇಂಗ್ಲಿಷಿನಲ್ಲಿ, ನಿನ್ನ ನೇಟಿವ್ ಪ್ಲೇಸ್ ಯಾವುದು ಎಂದು ಕೇಳಿದಳು. ಅವನು ಲಂಡನ್ನಿನದೇ ಅಂಚಿನ ರೈಸ್ಲಿಪ್ ಎಂದ. ಅದಕ್ಕೂ ಮೊದಲು? ಆಗಲೂ ರೈಸ್ಲಿಪ್ಪೇ. ಅದಕ್ಕೂ ಮೊದಲು? ಹುಡುಗ ಮೇಲೆ ನೋಡಿದ, ಕೆಳಗೆ ನೋಡಿದ. ತನ್ನ ಮುತ್ತಜ್ಜ ಹಾಲೆಂಡಿನವನೆಂದೂ, ಬೆಣ್ಣೆ ತರುವ ಹಡಗಿನಲ್ಲಿ ಹಾರ್ಲಿಂಗೆನ್ ಎಂಬ ಬಂದರಿನಿಂದ ಲಂಡನ್ನಿಗೆ ಬಂದನೆಂದೂ, ಹೆಸರು ಸೀಬ್ರೆನ್ ಎಂದೂ, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲವೆಂದೂ ಹೇಳಿದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಸಂಕೋಚವೇ ಇರಲಿಲ್ಲ. ಮುತ್ತಜ್ಜನ ಬಗ್ಗೆ ಏನೂ ಗೊತ್ತಿಲ್ಲದೆ ಒಬ್ಬ ಇಷ್ಟು ಆರಾಮವಾಗಿ ಮೊಸರನ್ನ ಕಲಸಬಹುದೆಂದು ನಮಗಿಬ್ಬರಿಗೂ ತಿಳಿದಿರಲಿಲ್ಲ.

ಅವರು ಹೋದ ಮೇಲೆ ಸುಮತಿ ಪಾತ್ರೆ ತೊಳೆಯುತ್ತಾ, "ಹ್ವಾಯ್, ಹುಡ್ಗ ಒಳ್ಳೆಯವ್ನೇ. ಆದ್ರೆ ಭಾವ ಫೋನ್ ಮಾಡಿ, ಮನೆತನ ಹ್ಯಾಂಗಿತ್ತ್ ಅಂದೇಳಿ ಕೇಂಡ್ರೆ ಎಂತ ಹೇಳುದ್?" ಎಂದಳು. ಭಾವ ಎಂದರೆ ಕುಂದಾಪುರದಲ್ಲಿರುವ ನನ್ನ ಅಣ್ಣಯ್ಯ. ನಮ್ಮ ಕುಟುಂಬದ ಯಾವ ಮದುವೆಯೂ ಅವರ ಒಂದು 'ಹೂಂ' ಇಲ್ಲದೆ ನಡೆದದ್ದಿಲ್ಲ. ಹುಡುಗ ಬಿಳಿಯನೆಂದು ಅವರು ಬೇಡವೆನ್ನಬಹುದೆಂಬ ಭಯ ನಮಗಿರಲಿಲ್ಲ. ಅವರ ಮಗನೇ ದಿಲ್ಲಿಯ ಹುಡುಗಿಯನ್ನು ಕಟ್ಟಿಕೊಂಡು ದಾರಿ ಸುಗಮ ಮಾಡಿಕೊಟ್ಟಿದ್ದ. ಆದರೆ "ಗೊತ್ತಿಲ್ಲ" ಎಂಬ ಉತ್ತರವನ್ನು ಅಣ್ಣಯ್ಯ ಒಪ್ಪುವವರಲ್ಲ. ಹುಡುಗನ ತಾಯಿಯ ಕಡೆಯವರು ರೈಸ್ಲಿಪ್ಪಿನ ಪಕ್ಕದ ಪಿನ್ನರಿನವರಂತೆ. ಅದು ನಮ್ಮ ಲೆಕ್ಕಕ್ಕೆ ಬರಲಿಲ್ಲ. ಮನೆತನವೆಂದರೆ ತಂದೆಯ ಕಡೆಯದು, ತಂದೆಯ ಕಡೆಯದೆಂದರೆ ಹಾಲೆಂಡು.

ಮೊದಲು ನಾನು ಊರಿನ ಪದ್ಧತಿಯನ್ನೇ ಪ್ರಯತ್ನಿಸಿದೆ. ಒಂದು ಶನಿವಾರ ರೈಸ್ಲಿಪ್ಪಿಗೆ ಹೋಗಿ, ಸೈಮನ್ನನ ತಾಯಿಯ ಮನೆಯಿರುವ ಬೀದಿಯ ಮೂಲೆಯಲ್ಲಿ ಪೇಪರ್ ಮಾರುವ ಗುಜರಾತಿಯವರ ಅಂಗಡಿ ಹೊಕ್ಕೆ. ಬೇಡದ ಪೇಪರೊಂದನ್ನು ಕೊಂಡು, ಹವಾಮಾನದಿಂದ ಶುರುಮಾಡಿ, ಆ ಮನೆಯವರು ಹೇಗೆ ಎಂದು ಕೇಳಿದೆ. ಅಂಗಡಿಯವರು ಬಹಳ ಹೊತ್ತು ಯೋಚಿಸಿ, ಅವರ ನಾಯಿ ಒಳ್ಳೆಯದು ಎಂದರು. ಇಪ್ಪತ್ತು ವರ್ಷದಿಂದ ಅಲ್ಲಿ ಅಂಗಡಿಯಿಟ್ಟವರು! ನಮ್ಮೂರಿನ ದರ್ಜಿಯಾಗಿದ್ದರೆ ನಾಯಿಯ ಅಜ್ಜನ ಕಥೆಯನ್ನೂ ಹೇಳಿ ಕಳಿಸುತ್ತಿದ್ದ. ಆಚೆ ಬಂದಾಗ ಆ ನಾಯಿಯೇ ಎದುರಾಗಿ ನನ್ನನ್ನು ಮೂಸಿ ನೋಡಿತು. ಅವರ ಕಡೆಯಿಂದ ಆಗಬೇಕಾದ ವಿಚಾರಣೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಆಗ ನನಗೆ ತಿಳಿದದ್ದೇನೆಂದರೆ, ಡಚ್ಚರಲ್ಲಿ ದರ್ಜಿಯ ಕೆಲಸವನ್ನು ಸರ್ಕಾರವೇ ಮಾಡಿಟ್ಟಿದೆ. ಒಬ್ಬ ಹುಟ್ಟಿದರೆ, ಮದುವೆಯಾದರೆ, ಸತ್ತರೆ, ಊರಿನ ಕಚೇರಿಯಲ್ಲಿ ಬರೆಸಲೇಬೇಕು. ಮಗು ಹುಟ್ಟಿದರೆ ಅಪ್ಪ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಹೇಳಬೇಕು. ಸತ್ತರೆ ನೆರೆಯವರು ಹೋಗಿ ಹೇಳುತ್ತಾರೆ. ಮದುವೆಯ ದಾಖಲೆಯಲ್ಲಂತೂ ಇಬ್ಬರ ತಂದೆತಾಯಿಯ ಹೆಸರು, ಕಸುಬು, ಒಪ್ಪಿಗೆ, ಯಾರಿಗೆ ಸಹಿ ಹಾಕಲು ಬರುವುದಿಲ್ಲ ಎಂಬುದೂ ಇರುತ್ತದೆ. ಇದೆಲ್ಲ ಮೈಕ್ರೋಫಿಲ್ಮಿನ ಸುರುಳಿಗಳಲ್ಲಿ ಲಂಡನ್ನಿಗೇ ಬರುತ್ತದೆ, ಯಾರು ಬೇಕಾದರೂ ಹೋಗಿ ನೋಡಬಹುದು ಎಂದು ಆಫೀಸಿನ ಒಬ್ಬರು ಹೇಳಿದಾಗ ನನಗೆ ಹಾಲೆಂಡಿನ ಮೇಲೆ ಗೌರವ ಉಕ್ಕಿತು. ಇಷ್ಟು ಚೆನ್ನಾಗಿ ಮನೆತನ ವಿಚಾರಿಸಿಕೊಂಡ ಇನ್ನೊಂದು ದೇಶವನ್ನು ನಾನು ಕಂಡಿಲ್ಲ.

ಆ ಸುರುಳಿಗಳನ್ನು ನೋಡುವ ಕೋಣೆಯಲ್ಲಿ ಅರ್ಧ ಕತ್ತಲು. ಸಾಲಾಗಿ ಯಂತ್ರಗಳು, ಪ್ರತಿ ಯಂತ್ರದ ಮುಂದೆ ಫ್ಲಾಸ್ಕು ಇಟ್ಟುಕೊಂಡ ಒಬ್ಬೊಬ್ಬ ನಿವೃತ್ತ ಇಂಗ್ಲಿಷರು. ತಮ್ಮ ವಂಶದ ಬೇರು ಹುಡುಕುವುದು ಅವರಿಗೆ ತೋಟದ ಕೆಲಸದಂತೆ ಒಂದು ಹವ್ಯಾಸ. ವಾಣಿಗೆ ನಾನೂ ಹೊಸದೊಂದು ಹವ್ಯಾಸ ಎಂದೇ ಹೇಳಿ ಬಂದಿದ್ದೆ. ಎಲ್ಲರೂ ಅವರವರ ಹಿರಿಯರನ್ನು ಪ್ರೀತಿಯಿಂದ ಹುಡುಕುತ್ತಿದ್ದರು. ಬೇರೆಯವರ ಹಿರಿಯರಲ್ಲಿ ಊನ ಹುಡುಕಲು ಬಂದವನು ಬಹುಶಃ ನಾನೊಬ್ಬನೇ. ಪಕ್ಕದ ಯಂತ್ರದ ಅಜ್ಜಿಯೊಬ್ಬರು ನನ್ನ ಪರದೆಯ ಮೇಲಿನ ಡಚ್ ಬರಹ ನೋಡಿ, ನನ್ನ ಮುಖ ನೋಡಿ, ಮತ್ತೆ ಪರದೆ ನೋಡಿ, ನಿಮಗೆ ಡಚ್ ಸಂಬಂಧ ಯಾವ ಕಡೆಯಿಂದ ಎಂದು ವಿನಯದಿಂದ ಕೇಳಿದರು. ಮಗಳ ಕಡೆಯಿಂದ ಎಂದೆ. ಅವರು ಅದನ್ನು ಅರ್ಥಮಾಡಿಕೊಳ್ಳಲು ಪ್ರಯತ್ನಿಸಿ, ಕೊನೆಗೆ ನನಗೊಂದು ಬಿಸ್ಕತ್ತು ಕೊಟ್ಟರು.

ನನಗೆ ಡಚ್ ಬರುವುದಿಲ್ಲ. ಆದರೆ ಅಚ್ಚು ಹಾಕಿದ ಫಾರಂ ಎಲ್ಲ ಒಂದೇ ಥರ. ಮಗ, ಮಗಳು, ವಯಸ್ಸು, ಕಸುಬು ಎಂಬಂಥ ಕೆಲವು ಮಾತು ಕಲಿತರೆ ನೂರು ವರ್ಷದ ಕಥೆ ಓದಬಹುದು. ಸೀಬ್ರೆನ್ ಹುಟ್ಟಿದ ದಾಖಲೆ ಸಿಕ್ಕಿದ ದಿನ ನಾನು ಗೆದ್ದೆನೆಂದೇ ತಿಳಿದೆ. ಅಪ್ಪ ಯಾನ್, ಅಮ್ಮ ಗ್ರೀತ್ಯೆ; ಅವರ ಮದುವೆಯ ದಾಖಲೆ ನೋಡಿದರೆ ಯಾನ್‌ನ ಅಪ್ಪನ ಹೆಸರೂ ಸೀಬ್ರೆನ್. ಹಿರಿಯ ಮಗನಿಗೆ ಅಜ್ಜಯ್ಯನ ಹೆಸರು! ನಮ್ಮ ಹಾಗೆಯೇ! ಮನೆಗೆ ಬಂದು ಸುಮತಿಗೆ ಹೇಳಿದೆ. ಅವಳಿಗೂ ಸಮಾಧಾನವಾಯಿತು. ಯಾನ್‌ನ ಕಸುಬು ಕೂಲಿ ಎಂದಿತ್ತು; ಅದನ್ನು ನಾನು ಬಂದರಿನಲ್ಲಿ ಕೆಲಸ ಎಂದು ಭಾಷಾಂತರಿಸಿದೆ. ಮದುವೆ ಮಾತುಕತೆಯಲ್ಲಿ ಇಷ್ಟು ಇರಲೇಬೇಕು. ಆದರೆ ಗ್ರೀತ್ಯೆಯ ಹೆಸರಿನ ಮುಂದೆ ಕಸುಬಿಲ್ಲ ಎಂದು ಬರೆದಿದೆ ಎಂದಾಗ ಸುಮತಿ ಸಿಡಿದಳು. "ಹೆತ್ತ್ ಮಲ್ಗಿದವ್ಳಿಗ್ ಕೆಲ್ಸ ಇಲ್ಲ ಅಂದೇಳಿ ಬರ್ದಿದ್ನಾ? ಬರ್ದ ಗುಮಾಸ್ತನಿಗ್ ಅನ್ನ ಬೇಯ್ಸಿ ಹಾಕ್ದವ್ರ್ ಯಾರಂತೆ?" ಎಂದಳು. ಆ ಗುಮಾಸ್ತ ಸತ್ತು ಬಹಳ ಕಾಲವಾಗಿದ್ದರಿಂದ ಉತ್ತರಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಪಾತ್ರೆ ಒರೆಸಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ವಿಚಾರಣೆಯ ರುಚಿ ಹತ್ತಿದವನು ಹುಟ್ಟಿನಲ್ಲಿ ನಿಲ್ಲುವುದಿಲ್ಲ. ಸುಮ್ಮನೆ ಸಾವಿನ ಸುರುಳಿ ತರಿಸಿದೆ. ಅದರಲ್ಲಿ, ಸ್ಪಷ್ಟವಾದ ಗುಂಡಗಿನ ಅಕ್ಷರದಲ್ಲಿ, ಸೀಬ್ರೆನ್ ಪೋಸ್ಟ್‌ಮಾ, ಯಾನ್ ಮತ್ತು ಗ್ರೀತ್ಯೆಯ ಮಗ, ವಯಸ್ಸು ಎರಡು ವರ್ಷ ಎಂದಿತ್ತು. ನಾನು ಮೂರು ಸಲ ಓದಿದೆ. ಎರಡನೇ ವರ್ಷಕ್ಕೆ ತೀರಿಕೊಂಡ ಮಗು ಬೆಳೆದು ಬೆಣ್ಣೆಯ ಹಡಗು ಹತ್ತುವುದು ಹೇಗೆ, ರೈಸ್ಲಿಪ್ಪಿನಲ್ಲಿ ವಂಶ ಬೆಳೆಸುವುದು ಹೇಗೆ? ಬೇರೆ ಯಾವನೋ ಆ ಹೆಸರು ಹೇಳಿಕೊಂಡು ಇಳಿದಿರಬೇಕು. ಬಿಲ್ಲಿನಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು. ಇಂಥದ್ದನ್ನು ಹಿಡಿಯುವುದೇ ನನ್ನ ಉದ್ಯೋಗ. ನಿಜ ಹೇಳಬೇಕೆಂದರೆ ಆ ಗಳಿಗೆ ನನಗೆ ಸಂತೋಷವೇ ಆಯಿತು. ಮಗಳ ಭವಿಷ್ಯ ಆಮೇಲೆ ನೆನಪಾಯಿತು.

ಮುಂದಿನ ಭಾನುವಾರ ಊಟದ ನಡುವೆ ನಾನು ಗಂಟಲು ಸರಿಮಾಡಿಕೊಂಡು, ನಿನ್ನ ಮುತ್ತಜ್ಜ ಎರಡು ವರ್ಷದವನಿರುವಾಗಲೇ ತೀರಿಕೊಂಡಿದ್ದಾನೆ ಎಂದು ಸೈಮನ್ನನಿಗೆ ತಿಳಿಸಿದೆ. ಅವನು ಸಾರು ಕುಡಿಯುವುದನ್ನು ನಿಲ್ಲಿಸಿ, ಹಾಗಾದರೆ ನಮ್ಮದು ಬಹಳ ಗಟ್ಟಿ ವಂಶ ಎಂದ. ಸುಮತಿ ನನ್ನ ಕಡೆ ತಿರುಗಿ, "ಹಾಂಗಾರೆ ಇವ ಎಲ್ಲಿಂದ್ ಬಂದದ್?" ಎಂದಳು. ವಾಣಿ ಕನ್ನಡವನ್ನು ಮಾತಾಡುವುದಿಲ್ಲವಾದರೂ ಅರ್ಥಮಾಡಿಕೊಳ್ಳಬಾರದ ಹೊತ್ತಿನಲ್ಲೆಲ್ಲ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾಳೆ. ಚಮಚ ಕೆಳಗಿಟ್ಟು, "ಅಪ್ಪಯ್ಯ, ವರ್ ಯು ಇನ್‌ವೆಸ್ಟಿಗೇಟಿಂಗ್ ಹಿಮ್?" ಎಂದಳು. ಅವನನ್ನಲ್ಲ, ಅವನ ಮುತ್ತಜ್ಜನನ್ನು ಮಾತ್ರ ಎಂದೆ. ಹವ್ಯಾಸವೆಂದಿರಲ್ಲ ಎಂದಳು. ವಿಚಾರಿಸುವುದು ನಮ್ಮ ಪದ್ಧತಿ, ನಿನ್ನ ಅಜ್ಜ ನನ್ನನ್ನೂ ವಿಚಾರಿಸಿದ್ದರು ಎಂದು ವಿವರಿಸಹೊರಟೆ. ಅವಳು ಅಷ್ಟರಲ್ಲಿ ಕೋಟು ಹಾಕಿಕೊಂಡಾಗಿತ್ತು. ಬಾಗಿಲಲ್ಲಿ ನಿಂತು, ಮದುವೆಯನ್ನು ಕೌನ್ಸಿಲ್ ಆಫೀಸಿನಲ್ಲಿ ತಾವೇ ಮಾಡಿಕೊಳ್ಳುತ್ತೇವೆ, ಸಾಕ್ಷಿಗೆ ಗೆಳತಿಯರು ಬರುತ್ತಾರೆ, ನೀವು ಬರಬೇಕಾಗಿಲ್ಲ ಎಂದು ಹೇಳಿ, ತನ್ನ ಕೊಲಿಂಡೇಲಿನ ಫ್ಲಾಟಿಗೆ ಹೊರಟುಹೋದಳು. ಸೈಮನ್ ಮಾತ್ರ ತಟ್ಟೆಯನ್ನು ಸಿಂಕಿನಲ್ಲಿಟ್ಟು, ಊಟ ಚೆನ್ನಾಗಿತ್ತು ಎಂದು ಹೇಳಿಯೇ ಅವಳ ಹಿಂದೆ ಓಡಿದ.

ಆಮೇಲೆ ಫೋನು ಬರುವುದು ನಿಂತಿತು. ಭಾನುವಾರ ನಾವಿಬ್ಬರೇ ಎದುರುಬದುರು ಕೂತು ಉಣ್ಣತೊಡಗಿದೆವು. ಸುಮತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದು ಗೊತ್ತಿದ್ದೇ ಅವಳು ಬೈಯಲಿಲ್ಲ. ಮಗಳ ಮದುವೆಗೆ ನಮಗೆ ಕರೆಯಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿಲ್ಲ, ದಾಖಲೆಯಿದೆ ಎಂದು ಒಳಗೊಳಗೇ ವಾದಿಸುತ್ತಿದ್ದೆ. ಕೊನೆಗೆ ಆ ದಾಖಲೆಯನ್ನು ಇನ್ನೊಮ್ಮೆ ನೋಡಿ, ಅದರ ನಕಲು ತಂದು ವಾಣಿಗೆ ಕಳಿಸಿದರೆ ಅವಳಿಗೆ ನನ್ನ ಪ್ರಾಮಾಣಿಕತೆಯಾದರೂ ಗೊತ್ತಾದೀತು ಎಂಬ ಮೂರ್ಖ ಯೋಚನೆಯಿಂದ ಮತ್ತೆ ಆ ಕೋಣೆಗೆ ಹೋದೆ.

ಹುಟ್ಟಿನ ಸುರುಳಿಯನ್ನು ಈ ಸಲ ತಿರುಗಿಸುತ್ತಾ ಗುರುತಿಟ್ಟ ಪುಟವನ್ನು ದಾಟಿಬಿಟ್ಟೆ. ಹಿಂದೆ ತಿರುಗಿಸಬೇಕೆನ್ನುವಷ್ಟರಲ್ಲಿ ಅದೇ ಯಾನ್, ಅದೇ ಗ್ರೀತ್ಯೆ ಕಣ್ಣಿಗೆ ಬಿದ್ದರು. ಗಂಡು ಮಗು. ಹೆಸರು ಸೀಬ್ರೆನ್. ಗುಮಾಸ್ತ ತಪ್ಪು ಮಾಡಿದ್ದಾನೆಂದುಕೊಂಡು ಸಾವಿನ ಸುರುಳಿ ಹಾಕಿದೆ. ಆ ಮಗು ಮೊದಲ ಹುಟ್ಟುಹಬ್ಬವನ್ನೇ ಕಂಡಿರಲಿಲ್ಲ. ಮತ್ತೆ ಹುಟ್ಟಿನ ಸುರುಳಿ. ಎರಡು ವರ್ಷ ಮುಂದೆ ಮತ್ತೆ ಅದೇ ಅಪ್ಪ, ಅದೇ ಅಮ್ಮ, ಮೂರನೆಯ ಸೀಬ್ರೆನ್. ಇವನಿಗೆ ಸಾವಿನ ಸುರುಳಿಯಲ್ಲಿ ಜಾಗವಿರಲಿಲ್ಲ. ಇವನು ಹಡಗು ಹತ್ತಿದವನು.

ನಮ್ಮಲ್ಲಿ ತೀರಿಕೊಂಡ ಮಗುವಿನ ಹೆಸರನ್ನು ಮುಂದಿನದಕ್ಕೆ ಇಡುವುದಿರಲಿ, ಮನೆಯೊಳಗೆ ಗಟ್ಟಿಯಾಗಿ ಎತ್ತುವುದೂ ಇಲ್ಲ. ಹಿಂದೆಲ್ಲ ಒಂದು ಕೂಸು ಹೋದರೆ ಮುಂದಿನದನ್ನು ಕಲ್ಲ, ಗುಡ್ಡ ಎಂದೇನೋ ಕರೆದು ಯಮನ ಕಣ್ಣು ತಪ್ಪಿಸುತ್ತಿದ್ದರು. ಹಾಗೆ ಬೆಳೆದ ನನಗೆ, ಒಬ್ಬ ಸೀಬ್ರೆನ್ ಹೋದ ಮೇಲೆ ಸುರುಳಿಯನ್ನು ಇನ್ನೂ ಮುಂದೆ ತಿರುಗಿಸಬೇಕೆಂದು ಹೊಳೆಯಲೇ ಇಲ್ಲ. ಆ ಊರಿನಲ್ಲಿ ಅಜ್ಜಯ್ಯನ ಹೆಸರು ಮನೆಯಲ್ಲಿ ಉಳಿಯಲೇಬೇಕು. ಒಂದು ಮಗುವಿಗೆ ದಕ್ಕದಿದ್ದರೆ ಮುಂದಿನ ಮಗುವಿಗೆ. ಆ ಗ್ರೀತ್ಯೆ ಎರಡು ಸಲ ಅದೇ ಹೆಸರನ್ನು ಮಣ್ಣಿಗೆ ಕೊಟ್ಟು ಮೂರನೆಯ ಸಲ ಅದನ್ನೇ ತೊಟ್ಟಿಲ ಮೇಲೆ ಬಾಗಿ ಕರೆದಿದ್ದಳು. ಹೇಗೆ ಬಾಯಿ ಬಂತೋ ಆ ತಾಯಿಗೆ! ನಾನು ಯಂತ್ರದ ದೀಪ ಆರಿಸಿ ಕತ್ತಲಲ್ಲಿ ಕೂತೆ. ಊನ ಹುಡುಕಲು ಹೋದವನಿಗೆ ಇದು ಶೋಭೆಯಲ್ಲ. ಆದರೆ ಕೂತದ್ದು ಹೌದು. ಪಕ್ಕದ ಅಜ್ಜಿ ಅಂದೂ ಬಂದಿದ್ದರು. ಏನೂ ಕೇಳದೆ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿಕೊಟ್ಟರು.

ಮನೆಗೆ ಬಂದು ಸುಮತಿಗೆ ಎಲ್ಲ ಹೇಳಿದೆ. ಅವಳು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ, "ಮೂರ್ ಸಲಾನೂ ಅದೇ ಹೆಸ್ರಾ?" ಎಂದಳು. ಹೌದೆಂದೆ. ಅವಳು ಸೆರಗಿನಿಂದ ಮೂಗೊರೆಸಿಕೊಂಡು, "ಎಂಥ ಗಟ್ಟಿ ಹೆಂಗ್ಸ್ ಮಾರಾಯ್ರೆ. ಮನೆತನ ಒಳ್ಳೇದ್. ಭಾವನಿಗ್ ಹಾಂಗೇ ಹೇಳಿ. ಹುಡ್ಗಿಗ್ ನಾನೇ ಫೋನ್ ಮಾಡ್ತೆ, ನೀವ್ ಬಾಯಿ ಹಾಕ್ಬೇಡಿ" ಎಂದಳು. ಕೊಲಿಂಡೇಲಿಗೆ ಹೋದ ಆ ಫೋನಿನಲ್ಲಿ ಏನು ಮಾತಾಯಿತೆಂದು ನನಗೆ ಗೊತ್ತಿಲ್ಲ. ಅತ್ತ ಕಡೆ ಒಬ್ಬಳು, ಇತ್ತ ಕಡೆ ಒಬ್ಬಳು ಅಳುತ್ತಿದ್ದರೆಂದು ಮಾತ್ರ ಬಾಗಿಲ ಆಚೆಯಿಂದ ತಿಳಿಯಿತು. ಕೊನೆಯಲ್ಲಿ ನನ್ನ ಕೈಗೆ ಫೋನು ಬಂದಾಗ ವಾಣಿ, "ಯು ಆರ್ ಇಂಪಾಸಿಬಲ್, ಅಪ್ಪಯ್ಯ" ಎಂದಳು. ಅವಳು ಪ್ರೀತಿಯಿಂದ ಮಾತಾಡಿ ಎಷ್ಟೋ ಕಾಲವಾಗಿತ್ತು. ಅಣ್ಣಯ್ಯನೂ ಫೋನಿನಲ್ಲಿ ಹೂಂ ಎಂದರು.

ಅಲ್ಲಿಂದ ಮುಂದಿನದು ಬೀಗರ ಔತಣ. ಸೈಮನ್ನನ ತಂದೆ ತೀರಿಕೊಂಡಿದ್ದರು. ತಾಯಿ ಜಿಲ್ ಒಬ್ಬರೇ ಮಗನೊಡನೆ ಬಂದರು. ಗ್ರೀತ್ಯೆಯ ಮೂವರು ಸೀಬ್ರೆನ್ನರ ಕಥೆಯನ್ನು ನಾನು ಹೇಳಿದಾಗ ಆಕೆ ಕಣ್ಣೊರೆಸಿಕೊಂಡು, ತನ್ನ ಗಂಡ ಇದನ್ನು ಕೇಳಬೇಕಿತ್ತು ಎಂದರು. ನನಗೆ ಹೆಮ್ಮೆಯಿಂದ ಮೈ ಒಂದು ಸುತ್ತು ಹೆಚ್ಚಾಯಿತು. ಆಮೇಲೆ ಆಕೆ ಚೀಲದಿಂದ ದೊಡ್ಡ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದರು. ಮಕ್ಕಳ ಮದುವೆಗೆ ಚೌಕಟ್ಟು ಹಾಕಿಸಿ ಕೊಡುವ ವಂಶವೃಕ್ಷವಂತೆ. ಎಡಭಾಗ, ನಾನು ಹುಡುಕಿ ವಾಣಿಯ ಕೈಲಿ ಕಳಿಸಿದ್ದ ಹೆಸರುಗಳೂ ಸೇರಿ, ಪೋಸ್ಟ್‌ಮಾಗಳಿಂದ ಕಿಕ್ಕಿರಿದಿತ್ತು. ಹೆಂಗಸರೂ ಒಬ್ಬೊಬ್ಬರೂ ತಮ್ಮ ತಮ್ಮ ತವರಿನ ಹೆಸರಿನೊಡನೆ ಸಾಲಾಗಿ ಕೂತಿದ್ದರು. ಬಲಭಾಗ ಖಾಲಿ. ಜಿಲ್ ಪೆನ್ನಿನ ಮುಚ್ಚಳ ತೆಗೆದು, ಈಗ ನಿಮ್ಮದು ಹೇಳಿ ಎಂದರು.

ಅಪ್ಪಯ್ಯನ ಹೆಸರು ಹೇಳಿದೆ, ಅವರಪ್ಪನದು, ಅವರಪ್ಪನದು. ಅಮ್ಮನ ಹೆಸರೂ ಹೇಳಿದೆ. ಅಮ್ಮನ ಅಮ್ಮ? ಬೇಸಿಗೆ ರಜೆಯಲ್ಲೆಲ್ಲ ಕೈತುತ್ತು ಹಾಕಿ ಸಾಕಿದವಳು, ನನ್ನ ತಲೆಗೆ ಎಣ್ಣೆ ತಿಕ್ಕಿದವಳು. ನಾವು ಮೊಮ್ಮಕ್ಕಳು ಅಮ್ಮಮ್ಮ ಎನ್ನುತ್ತಿದ್ದೆವು. ಒಂದು ನಿಮಿಷ ಎಂದು ಎದ್ದು, ಒಳಗೆ ಹೋಗಿ ಕುಂದಾಪುರಕ್ಕೆ ಫೋನು ಮಾಡಿದೆ.

"ಅಣ್ಣಯ್ಯ, ಅಮ್ಮಮ್ಮನ ಹೆಸ್ರೆಂತ?"

"ಅಮ್ಮಮ್ಮನ್ ಹೆಸ್ರಾ?" ಅಣ್ಣಯ್ಯ ಟೀವಿಯ ಸದ್ದು ತಗ್ಗಿಸಿದ್ದು ಕೇಳಿತು. "ಅಮ್ಮಮ್ಮ ಅಂದೇಳಿಯೇ ಅಲ್ದನಾ?"

"ಅಜ್ಜಯ್ಯ ಎಂತ ಅಂದೇಳಿ ಕರೀತಿದ್ರ್?"

"ಏಯ್ ಅಂದೇಳಿ." ಕೂಡಲೇ, "ಅದೆಲ್ಲ ಈಗ ಎಂತಕೆ? ಗಂಡಿನ್ ಮನೆತನ ಸರಿ ಇತ್ತಲ್ದಾ?" ಎಂದರು.

"ಇತ್ತ್. ಈಗ ಅವ್ರ್ ನಮ್ದ್ ವಿಚಾರ್ಸ್ತಾ ಇದ್ರ್" ಎಂದು ಫೋನಿಟ್ಟೆ.

ಮೇಜಿಗೆ ಹಿಂದಿರುಗಿದಾಗ ಜಿಲ್ ಪೆನ್ನು ಹಿಡಿದು ಕಾಯುತ್ತಿದ್ದರು. ಸೈಮನ್, ವಾಣಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನೂರು ವರ್ಷದ ಹಿಂದೆ ಹಾರ್ಲಿಂಗೆನ್ನಿನಲ್ಲಿ ತೀರಿಕೊಂಡ ಎರಡು ವರ್ಷದ ಕೂಸಿನ ಹೆಸರು ಬಲ್ಲವನು ನಾನು. ಅಮ್ಮಮ್ಮ ಎಂದೆ. ಆಕೆ ಬಾಯಲ್ಲಿ ಒಮ್ಮೆ ಹೇಳಿ ನೋಡಿ, ಎಷ್ಟು ಚಂದದ ಹೆಸರು ಎಂದು ಶಾಯಿಯಲ್ಲಿ ದುಂಡಗೆ ಬರೆದುಕೊಂಡರು. ಬರೆದು ತಲೆಯೆತ್ತಿ, ಇವರ ತವರಿನ ಹೆಸರು ಏನು ಎಂದರು.

ಅದೇ ಹೊತ್ತಿಗೆ ಸುಮತಿ ಅಡುಗೆಮನೆಯಿಂದ ಹೋಳಿಗೆಯ ತಟ್ಟೆ ಹಿಡಿದು ಬಂದವಳು, ಆ ಹಾಳೆಯ ಖಾಲಿ ಜಾಗವನ್ನೂ ನನ್ನ ಮುಖವನ್ನೂ ನೋಡಿ, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಹ್ವಾಯ್, ಇಷ್ಟೆಲ್ಲ ಕೇಂತಿದ್ರಲೆ, ನಮ್ಮ್ ಹುಡ್ಗಿನ ಒಪ್ಪ್ಕಂಡ್ರಾ ಇಲ್ಯಾ?"

ಗೊತ್ತಿಲ್ಲ ಎಂದೆ. ಗಂಡಿನ ತಾಯಿಯ ತಟ್ಟೆಗೆ ಆಕೆ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಇನ್ನೆರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಆಕೆಯ ಬಾಯಿಂದ ಒಂದು 'ಹೂಂ' ಬರಲೆಂದು ಕೈಕಟ್ಟಿ ಕೂತೆ.